ಬಕಲ್ ಬಗ್ಗೆ ಬಂದ ಕಾಗದ

ಶಿರ್ವದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ, ಗಂಡನನ್ನು ದುಬೈಯಲ್ಲೇ ಬಿಟ್ಟು ಮಕ್ಕಳೊಂದಿಗೆ ಊರಿಗೆ ಬಂದವರು. ಮಕ್ಕಳಿಗೆ ಬೇಡವಾದ ಸಾಮಾನುಗಳನ್ನು ಒಂದೊಂದಾಗಿ ಹಂಚುತ್ತಿದ್ದರು. ಕೊಡುವ ಮೊದಲು ಜಗ್ಗಿ ನೋಡಿ, "ಗಟ್ಟಿ ಉಂಟು, ತೆಕ್ಕೊಳ್ಳಿ" ಎನ್ನುತ್ತಿದ್ದರು. ಹಾಗೆಯೇ ಇನ್ನಂಜೆಯಲ್ಲಿದ್ದ ತನ್ನ ತಮ್ಮನಿಗೆ, ಮಗುವನ್ನು ಕಾರಿನಲ್ಲಿ ಎತ್ತರಕ್ಕೆ ಕೂರಿಸಿ ಬೆಲ್ಟ್ ಹಾಕುವ ಬೂಸ್ಟರ್ ಸೀಟು ಕೊಟ್ಟಿದ್ದರು.

ಕಾಪುವಿನ ಬಳಿ ಆ ತಮ್ಮನ ಕಾರಿಗೆ ಲಾರಿ ಗುದ್ದಿತು. ಬೂಸ್ಟರ್ ಸೀಟಿನ ಬೆಲ್ಟಿನ ಬಕಲ್ ಬಿಚ್ಚಿಕೊಂಡು, ಅವನ ನಾಲ್ಕು ವರ್ಷದ ಮಗು ಮುಂದಿನ ಗಾಜಿಗೆ ಬಡಿದು ತೀರಿಹೋಯಿತು. ತಾಯಿ ಬಕಲ್ ಸರಿಯಾಗಿ ಹಾಕಿರಲಿಲ್ಲ ಎಂದು ಮನೆಯವರೆಲ್ಲ ಹೇಳಿದರು. ಅವಳೂ ಅದನ್ನೇ ನಂಬಿದಳು.

ಆರು ತಿಂಗಳ ನಂತರ ಅಕ್ಕನ ಗಂಡ, ಸೀಟು ತಯಾರಿಸಿದ ಕಂಪೆನಿಯಿಂದ ದುಬೈಗೆ ಬಂದ ಇಂಗ್ಲಿಷ್ ಕಾಗದವೊಂದನ್ನು ಕಳಿಸಿದರು. ಬಕಲ್ ತಾನಾಗಿಯೇ ಬಿಚ್ಚಿಕೊಳ್ಳಬಹುದು, ಸೀಟನ್ನು ಬಳಸದೆ ಹಿಂದಿರುಗಿಸಿ ಎಂದು ಅದರಲ್ಲಿತ್ತು.

"ಹರಿದು ಬಿಸಾಡಿ ಅಕ್ಕ, ಯಾರಿಗೂ ಗೊತ್ತಿಲ್ಲ ಅಲ್ವಾ?" ಎಂದೆ.

"ತಪ್ಪು ತನ್ನದೇ ಅಂತ ಅವಳು ಊಟ ಬಿಟ್ಟಿದ್ದಾಳೆ ಮಾರಾಯ್ತಿ. ನೀನೂ ಬಾ. ನನ್ನಿಂದ ಆಗದಿದ್ದರೆ ನೀನು ಓದು."

ಇನ್ನಂಜೆಯ ಮನೆಯಲ್ಲಿ ಅಕ್ಕನೇ ಎಲ್ಲರೆದುರು ನಿಂತು, ಕಾಗದದ ಪ್ರತಿ ಸಾಲನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದರು.

"ಸೀಟು ನೀನು ಕೊಟ್ಟದ್ದಲ್ವಾ?" ಎಂದ ತಮ್ಮ.

"ಹೌದು. ನಾನೇ ಕೊಟ್ಟದ್ದು."

ಅವನು ಎದ್ದು ಅಂಗಳಕ್ಕಿಳಿದ. ಮತ್ತೆಂದೂ ಅಕ್ಕನೊಡನೆ ಮಾತನಾಡಲಿಲ್ಲ.

ಬಾಗಿಲ ಹಿಂದಿದ್ದ ಅವನ ಹೆಂಡತಿ ಹೊರಗೆ ಬಂದಳು. "ಅತ್ತಿಗೆ, ಬಕಲಿನದ್ದು ಇನ್ನೊಮ್ಮೆ ಓದಿ" ಎಂದಳು. ಅಕ್ಕ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳು ಕೇಳಿದಷ್ಟು ಸಲ ಓದಿದರು.