ಮಸ್ಕತ್ತಿನ ಕೋಟೆ ಬೀಳಲೊಲ್ಲದ ಶುಕ್ರವಾರ

ಚಳಿಗಾಲದ ಒಂದು ಶುಕ್ರವಾರ ಬರ್ಕಾದಲ್ಲಿ ತೋಟದ ಮನೆಯೊಂದನ್ನು ಬಾಡಿಗೆಗೆ ಹಿಡಿದು ಇಡೀ ದಿನ ಕಳೆಯುವುದು ಮಸ್ಕತ್ತಿನ ನಮ್ಮ ಕನ್ನಡ ಬಳಗದ ರೂಢಿ. ಅಂತ್ಯಾಕ್ಷರಿ, ಹಗ್ಗಜಗ್ಗಾಟ, ಊಟ, ಖರ್ಜೂರದ ಮರದ ಕೆಳಗೆ ಒಂದು ನಿದ್ದೆ. ಆ ವರ್ಷ ಮಾತ್ರ ನಮ್ಮ ಹಿರಿಯರೊಬ್ಬರಿಗೆ ಅದು ಸಾಲದೆ ಹೋಯಿತು. ಉಡುಪಿ ಕಡೆಯವರು, ಮತ್ರಾದ ಹಡಗು ಸರಕಿನ ಕಚೇರಿಯಲ್ಲಿ ಬಹಳ ಕಾಲದಿಂದ ಇದ್ದವರು. ಹರೆಯದಲ್ಲಿ ಊರಿನ ತಾಳಮದ್ದಲೆಗಳಲ್ಲಿ ಅರ್ಥ ಹೇಳಿ ದೊಡ್ಡ ದೊಡ್ಡವರ ಬಾಯಿ ಮುಚ್ಚಿಸಿದ್ದರಂತೆ.

"ಇಷ್ಟು ವರ್ಷದಿಂದ ಈ ಊರಿನ ಅನ್ನ ತಿಂತಾ ಇದ್ದೇವೆ. ಮಸ್ಕತ್ತಿನ ಕಥೆಯನ್ನೇ ತಾಳಮದ್ದಲೆ ಮಾಡುವ. ಊರು ಹುಟ್ಟಿದಲ್ಲಿಂದ ಇವತ್ತಿನವರೆಗೆ. ಎಂತ ಹೇಳ್ತೀರಿ?" ಎಂದರು.

ನಾನು ಮೈಸೂರಿನವಳು. ತಾಳಮದ್ದಲೆಯನ್ನು ನೋಡಿದವಳೇ ಅಲ್ಲ. "ಅದರಲ್ಲಿ ಹೆಂಗಸರಿಗೂ ಪಾತ್ರ ಇರುತ್ತಾ ಸಾರ್?" ಎಂದು ಸುಮ್ಮನೆ ಕೇಳಿದೆ. ಕೇಳಿದ್ದೇ ತಪ್ಪಾಯಿತು.

"ವೇಷ ಇಲ್ಲ, ಕುಣಿತ ಇಲ್ಲ. ಕೂತು ಮಾತಾಡುದು ಮಾತ್ರ. ಗಂಡಸು ಹೆಂಗಸು ಅಂತ ಎಂತ ಉಂಟು? ನೀವೇ ಓಮಾನಿ ಸೇನಾಪತಿ. ನಾನು ಪೋರ್ಚುಗೀಸ್ ಕಪ್ತಾನ. ನೀವು ನನ್ನನ್ನು ಓಡಿಸಿ."

ಬೌಷರ್‌ನ ನಮ್ಮ ಆಫೀಸಿನಲ್ಲಿ ಮೀಟಿಂಗಿನ ನಡುವೆಯೂ ನಾನು ಮಾತು ಬಾಯಿಪಾಠ ಮಾಡಿದೆ. ಮನೆಯಲ್ಲಿ ಕುಕ್ಕರಿನ ಎದುರು ನಿಂತು "ಎಲವೋ ಪರದೇಶಿಯೇ!" ಎಂದು ಗರ್ಜಿಸಿದರೆ ಗಂಡ ಹಜಾರದಿಂದ ಓಡಿ ಬರುತ್ತಿದ್ದರು.

ಆ ಶುಕ್ರವಾರ ಬೆಳಿಗ್ಗೆ ಚಾಪೆ ಹಾಸಿ ಕೂತೆವು. ಸೊಹಾರ್‌ನ ಉಕ್ಕಿನ ಕಾರ್ಖಾನೆಯ ಇಂಜಿನಿಯರೊಬ್ಬರು ಭಾಗವತರು. ಬಂಡೆಗಳ ನಡುವಿನ ಕಡಲ ಕೊಲ್ಲಿ, ಅಲ್ಲಿ ಬಲೆ ಒಣಗಿಸಿದ ಬೆಸ್ತರು, ಯಾರು ಕಟ್ಟಿದರೆಂದು ಯಾರಿಗೂ ತಿಳಿಯದ ಊರು, ಧೂಪ ಹೇರಿದ ಹಾಯಿಹಡಗುಗಳು ಎಂದು ಅವರು ಹಾಡಿದಾಗ ನನ್ನ ಮೈಯೆಲ್ಲ ಜುಮ್ಮೆಂದಿತು. ತೋಟದ ಯಜಮಾನ, ಬಿಳಿ ಗಡ್ಡದ ಓಮಾನಿ ಅಜ್ಜ, ಕಾಫಿ ಹೂಜಿ ಹಿಡಿದು ಮುಂದಿನ ಸಾಲಿನಲ್ಲಿ ಬಂದು ಕೂತರು. ಕನ್ನಡ ಬಾರದು, ಹಿಂದಿ ಚೆನ್ನಾಗಿ ಬರುತ್ತಿತ್ತು.

ಪೋರ್ಚುಗೀಸರು ಬಂದರು, ಊರು ಸುಟ್ಟರು, ಬಂದರಿನ ಎರಡೂ ಮಗ್ಗುಲಿಗೆ ಕೋಟೆ ಕಟ್ಟಿ ನೂರು ವರ್ಷಕ್ಕೂ ಮೇಲೆ ಕೂತರು. ಈಗ ನನ್ನ ಸರದಿ.

"ಎಲವೋ ಪರದೇಶಿಯೇ, ಕೋಟೆ ಬಿಟ್ಟು ಹೊರಡು!" ಎಂದೆ.

ಕಪ್ತಾನರು ಶಾಲು ಸರಿಮಾಡಿಕೊಂಡರು. "ಸೇನಾಪತೀ, ಇಲ್ಲಿ ಏನಿತ್ತು? ಬಂಡೆ. ಬಂಡೆಯ ಮೇಲೆ ಆಡು. ಕೋಟೆ ಕಟ್ಟಿದವ ನಾನು. ಮನೆ ಕಟ್ಟಿದವನೇ ಮನೆ ಬಿಡಬೇಕೆಂಬುದು ಯಾವ ಸೀಮೆಯ ನ್ಯಾಯ?"

"ಬರುವಾಗ ಊರನ್ನು ಸುಟ್ಟೆಯಲ್ಲ!"

"ಸುಟ್ಟೆ. ಹಳೆಯದನ್ನು ಕೆಡವದೆ ಹೊಸದು ಏಳುವುದುಂಟೇ? ನಿಮ್ಮ ಬೌಷರಿನ ಶಾಪಿಂಗ್ ಮಾಲು ಆಕಾಶದಿಂದ ಇಳಿದದ್ದಾ?"

ಜನ ನಕ್ಕರು. ಬಾಯಿಪಾಠದಲ್ಲಿ ಮಾಲ್ ಇರಲಿಲ್ಲ. ನನ್ನ ಮಾತುಗಳೆಲ್ಲ ಒಂದೊಂದಾಗಿ ಖರ್ಚಾದವು; ಕಪ್ತಾನರು ಪ್ರತಿಯೊಂದನ್ನೂ ನುಂಗಿ ನೀರು ಕುಡಿದರು. ಕೊನೆಗೆ ತಲೆಕೆಟ್ಟು ಕೇಳಿದೆ: "ಅದೆಲ್ಲ ಇರಲಿ ಕಣ್ರೀ, ನಿಮಗೆ ಜಾಮೀನು ನಿಂತ ಕಫೀಲ್ ಯಾರು? ಇಷ್ಟು ವರ್ಷ ಯಾರ ವೀಸಾದಲ್ಲಿ ಇದ್ದೀರಿ?"

ಇಡೀ ತೋಟ ಸಿಳ್ಳೆ ಹೊಡೆಯಿತು. ಗೆದ್ದೆ ಎಂದುಕೊಂಡೆ.

"ನನ್ನ ಕಫೀಲ್ ನನ್ನ ಫಿರಂಗಿ!" ಎಂದರು ಕಪ್ತಾನರು. ಸಿಳ್ಳೆಯೆಲ್ಲ ಅವರ ಪಾಲಾಯಿತು.

ನನ್ನ ಮಗಳು ತಡೆಯಲಾರದೆ ಎದ್ದು ನಿಂತಳು. "ಅಂಕಲ್, ಯು ಲಾಸ್ಟ್! ಇಟ್ಸ್ ಇನ್ ಅವರ್ ಬುಕ್!"

"ಪುಸ್ತಕ ಬರೆಯುವಾಗ ನನ್ನನ್ನು ಕೇಳಲಿಲ್ಲ ಮಗಾ."

ನನಗೆ ನಗು ಹತ್ತಿಕೊಂಡಿತು. ಸೇನಾಪತಿ ಚಾಪೆಯ ಮೇಲೆ ಹೊಟ್ಟೆ ಹಿಡಿದು ಕೂತರೆ ಕೋಟೆ ಬೀಳುವುದು ಹೇಗೆ? ಭಾಗವತರು ಕೋಟೆ ಬಿದ್ದ ಹಾಡನ್ನು ಎರಡು ಸಲ ಶುರುಮಾಡಿದರು. ಎರಡು ಸಲವೂ ಕಪ್ತಾನರು ಕೈಯೆತ್ತಿ ನಿಲ್ಲಿಸಿದರು. ಬಿಸಿಲು ನೆತ್ತಿಗೆ ಬಂತು. ಮಕ್ಕಳು ಹಸಿವೆಂದು ರಾಗ ಎಳೆಯತೊಡಗಿದರು.

ಆಗ ಅಡುಗೆಯ ಕಡೆಯಿಂದ ಕಪ್ತಾನರ ಹೆಂಡತಿ ಸೌಟು ಹಿಡಿದೇ ಬಂದರು. ಮಸ್ಕತ್ತಿನಲ್ಲಿ ಒಂದು ಕಥೆ ಹೇಳುತ್ತಾರೆ. ಕೋಟೆಗೆ ದಿನಸಿ ಕೊಡುತ್ತಿದ್ದ ಭಾರತೀಯ ವ್ಯಾಪಾರಿಯೊಬ್ಬ, ಒಳಗಿನ ಧಾನ್ಯ ಕೆಟ್ಟಿದೆ, ನೀರು ಹಾಳಾಗಿದೆ ಎಂದು ನಂಬಿಸಿ ಎಲ್ಲವನ್ನೂ ಹೊರಹಾಕಿಸಿದನಂತೆ. ಹೊಸದನ್ನು ತುಂಬಲೇ ಇಲ್ಲ. ಹಾಗೆ ಪೋರ್ಚುಗೀಸರು ಸೋತರಂತೆ. ಪಾತ್ರ ಮಾಡುವವರಿಲ್ಲವೆಂದು ನಮ್ಮವರು ಆ ವ್ಯಾಪಾರಿಯನ್ನು ಕೈಬಿಟ್ಟಿದ್ದರು. ಈಗ ಆಕೆ ನೇರವಾಗಿ ಗಂಡನ ಎದುರು ಕೂತರು.

"ಕಪ್ತಾನರೇ, ನಾನು ದಿನಸಿ ವ್ಯಾಪಾರಿ. ನಿಮ್ಮ ಅಕ್ಕಿಗೆ ಹುಳ ಬಿದ್ದಿತ್ತು, ಹೊರಗೆ ಹಾಕಿದೆ. ಇನ್ನು ಬರುದಿಲ್ಲ."

"ವ್ಯಾಪಾರೀ, ವೀರನಿಗೆ ಹಸಿವಿಲ್ಲ."

"ಕೋರಿ ರೊಟ್ಟಿ ಉಂಟು. ಸಾರು ತಣ್ಣಗಾಗ್ತಾ ಉಂಟು. ಕೋಟೆ ಬಿಟ್ಟವರಿಗೆ ಮಾತ್ರ ಬಡಿಸುದು." ಆಮೇಲೆ ದನಿ ತಗ್ಗಿಸಿ ತುಳುವಿನಲ್ಲಿ, ಸಾಕು ಎಂದು, "ಯಾವು ಮಾರಾಯ್ರೆ!" ಎಂದರು.

ಕಪ್ತಾನರು ಸಾರಿನ ಪರಿಮಳ ಬಂದ ದಿಕ್ಕಿಗೆ ಒಮ್ಮೆ, ನನ್ನ ಕಡೆಗೊಮ್ಮೆ ನೋಡಿದರು. ಶಾಲು ತೆಗೆದು ನನ್ನ ಮುಂದೆ ಇಟ್ಟರು. ಭಾಗವತರು ಇನ್ನು ಬಿಡುತ್ತಾರೆಯೇ! ಒಂದೇ ಉಸಿರಿಗೆ ಕೋಟೆ ಕೆಡವಿದರು. ಮಕ್ಕಳು ನನ್ನ ಮೇಲೆ ಬಿದ್ದು ಕುಣಿದರು.

"ಯಾರು ಗೆದ್ದದ್ದು?" ಎಂದು ತೋಟದ ಯಜಮಾನರು ಹಿಂದಿಯಲ್ಲಿ ಕೇಳಿದರು.

"ನೀವು," ಎಂದೆ.

"ಅಲ್‌ಹಮ್ದುಲಿಲ್ಲಾ! ಆದರೆ ಇಷ್ಟೊಂದು ಹೊತ್ತೇ?"

ಮುಂದಿನ ಶತಮಾನಗಳನ್ನು ಊಟದ ಅವಸರದಲ್ಲಿ ಓಡಿಸಿದೆವು. ಕತ್ತಲಾದ ಮೇಲೆ ಮಸ್ಕತ್ತಿನ ಊರಬಾಗಿಲು ಹಾಕುತ್ತಿದ್ದ ಕಾಲ ಬಂದಾಗ ಮಾತ್ರ ಯಜಮಾನರು ತಾವೇ ಎದ್ದರು. ಬಾಗಿಲು ಹಾಕಿದ ಮೇಲೆ ಓಡಾಡುವವರ ಕೈಯಲ್ಲಿ ಲಾಟೀನು ಇರಲೇಬೇಕಿತ್ತೆಂದು ಅವರ ತಂದೆ ಹೇಳುತ್ತಿದ್ದರಂತೆ. ಎರಡು ಖರ್ಜೂರದ ಮರಗಳ ನಡುವೆ ಊರುಗೋಲು ಅಡ್ಡ ಹಿಡಿದು ನಿಂತು, "ಲಾಲ್ಟೀನ್ ಕಹಾಂ ಹೈ?" ಎಂದು ಗುಡುಗಿದರು. ನಾವೆಲ್ಲ ನಡುಮಧ್ಯಾಹ್ನದ ಬಿಸಿಲಿನಲ್ಲಿ ಮೊಬೈಲಿನ ಟಾರ್ಚು ಹಚ್ಚಿ ಸಾಲಾಗಿ ನಿಂತೆವು. ಒಬ್ಬೊಬ್ಬರ ಮುಖಕ್ಕೂ ಬಗ್ಗಿ ನೋಡಿ, "ಯಲ್ಲಾ, ಯಲ್ಲಾ" ಎಂದು ಒಳಗೆ ಬಿಟ್ಟರು. ಕಪ್ತಾನರನ್ನು ಮಾತ್ರ ತಡೆದರು. "ಇವನು ಪೋರ್ಚುಗೀಸ್," ಎಂದರು. ಅಷ್ಟು ಮಾತಾಡಿದ ಮನುಷ್ಯ ಆ ಒಂದು ಮಾತಿಗೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಯಜಮಾನರು ಅವರನ್ನು ತಬ್ಬಿಕೊಂಡು, ಕೈಹಿಡಿದು ಊಟದ ಚಾಪೆಗೆ ಕರೆತಂದರು.

ಉಳಿದ ಇತಿಹಾಸ ಊಟದ ಜೊತೆಗೇ ಆಯಿತು. ಹೊಸ ರಸ್ತೆಗಳು, ಸೇತುವೆಗಳು, ಪಶ್ಚಿಮಕ್ಕೆ ಚಾಚುತ್ತಾ ಹೋದ ರಾಜಧಾನಿ. ಇದಕ್ಕೆ ಭಾಗವತರೇ ಬೇಕಿರಲಿಲ್ಲ. ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಎಲ್ಲರೂ ಸಾಕ್ಷಿ ಹೇಳುವವರು. ನಾನು ಬಂದಾಗ ಅಲ್ಲೊಂದು ವೃತ್ತ ಇತ್ತು, ನಾನು ಬಂದಾಗ ಅಲ್ಲಿ ರಸ್ತೆಯೇ ಮುಗಿಯುತ್ತಿತ್ತು ಎಂದು ಒಬ್ಬರ ಮೇಲೊಬ್ಬರು ಕೂಗಿದರು.

ನಾನೂ ಗಂಟಲು ಸರಿಮಾಡಿಕೊಂಡೆ. "ನಾವು ಬೌಷರ್‌ಗೆ ಬಂದಾಗ ನಮ್ಮ ಕಟ್ಟಡದ ಹಿಂದೆ ದೊಡ್ಡ ಮರಳಗುಡ್ಡ ಇತ್ತು. ಸಂಜೆ ಎಷ್ಟು ಚೆಂದ ಕಾಣ್ತಿತ್ತು ಅಂತೀರಿ! ಈಗ ಎಲ್ಲಿ ಹೋಯ್ತೋ."

"ಅಮ್ಮಾ, ಇಟ್ಸ್ ಸ್ಟಿಲ್ ದೇರ್," ಎಂದಳು ಮಗಳು, ಕೋಳಿಯ ತುಂಡಿನಿಂದ ತಲೆಯೆತ್ತದೆ. "ನೀನು ಟೆರೇಸಿಗೆ ಬರೋದೇ ಇಲ್ಲ."