ಸೊಸೆಯ ಹೆಬ್ಬೆರಳನ್ನು ಜಗ್ಗಿದ್ದು

ಮಿಶ್ರಿಕೋಟಿಯ ನಮ್ಮ ಓಣಿಯಲ್ಲಿ ಯಾರ ಬೆರಳು ಉಳುಕಿದರೂ ನನ್ನ ಹತ್ತಿರ ಬರುತ್ತಿದ್ದರು. ಗರಡಿಮನೆಯಲ್ಲಿ ಕಲಿತ ವಿದ್ಯೆ ನನ್ನದು. ಎಣ್ಣೆ ಸವರಿ, ಏನಾದರೂ ಮಾತು ತೆಗೆದು, ಅವರು ಮೈಮರೆತಾಗ ಜಗ್ಗಿಬಿಡುವುದು. ಲಟ್ ಎಂದರೆ ಆಯಿತು. ಆ ಸಪ್ಪಳದಿಂದಲೇ ನನಗೆ ಸೊಕ್ಕು ಬಂದಿತ್ತು.

ಹೋದ ಸುಗ್ಗಿಯಲ್ಲಿ ಸೊಸೆ ಎಮ್ಮೆಗೆ ನೀರು ಕುಡಿಸಲು ಹೊರಟವಳು ಹಗ್ಗವನ್ನು ಹೆಬ್ಬೆರಳಿಗೆ ಸುತ್ತಿಕೊಂಡಿದ್ದಳು. ಟ್ರ್ಯಾಕ್ಟರ್ ಹಾರ್ನಿಗೆ ಎಮ್ಮೆ ಬೆದರಿ ಓಡಿತು. ಹೆಬ್ಬೆರಳಿನ ಬುಡದ ಕೀಲು ತಪ್ಪಿ, ಬೆರಳು ಹಿಂದಕ್ಕೆ ಸೆಟೆದು ನಿಂತಿತು.

"ಮಾವಾರ, ದವಾಖಾನಿಗೆ ಹೋಗೂಣ್ರಿ."

"ಇಷ್ಟಕ್ಕ ಹುಬ್ಬಳ್ಳಿತನಕಾ? ಈ ಕಡೆ ತಾ ಕೈ."

ಜಗ್ಗಿದೆ. ಸಪ್ಪಳ ಬರಲಿಲ್ಲ. ಇನ್ನೂ ಜೋರಾಗಿ ಜಗ್ಗಿದೆ. ನೋಡಲು ನೆಟ್ಟಗಾದಂತೆ ಕಂಡರೂ ಬೆರಳು ಮಡಚಲಿಲ್ಲ. ಅಂಗೈ ಬದಿಯ ಚರ್ಮದಲ್ಲಿ ಒಂದು ಗುಳಿ ಬಿದ್ದಿತ್ತು. ಓಣಿಯ ಹೆಂಗಸರ ಜಂಪರೆಲ್ಲ ಹೊಲಿಯುವ ಬಲಗೈ ಅದು. ಸಿಕ್ಕ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದೆವು.

ಡಾಕ್ಟರು ಎಕ್ಸ್‌ರೇ ನೋಡಿ ಕೇಳಿದರು, "ಯಾರರ ಜಗ್ಗ್ಯಾರೇನವಾ ಇದನ್ನ?"

"ಇಲ್ರಿ, ಎಮ್ಮಿ ಜಗ್ಗೇತ್ರಿ," ಎಂದಳು ಸೊಸೆ, ನನ್ನತ್ತ ನೋಡದೆ.

ಅವಳು ನನ್ನ ಮಾನ ಕಾಯುತ್ತಿದ್ದಳು. ಸುಮ್ಮನಿದ್ದರೆ ನಡೆಯುತ್ತಿತ್ತು. ಆದರೆ ಆ ಗುಳಿ ಕಣ್ಣಮುಂದೆಯೇ ಇತ್ತು.

"ಎಮ್ಮಿಗಿಂತ ಹೆಚ್ಚ ಜಗ್ಗಿದಾಂವ ನಾನ್ರಿ," ಎಂದೆ.

ಡಾಕ್ಟರು ಬೈಯಲಿಲ್ಲ. "ಜಗ್ಗಿದ್ರ ಸಂದು ಅಗಲ ಆಗಿ, ಒಳಗಿನ ಪದರ ಅದರಾಗ ಸಿಕ್ಕೊಂತೈತ್ರಿ ಅಜ್ಜಾರ. ಒಮ್ಮೆ ಕೂಡಿಸಿ ನೋಡ್ತೀನಿ. ಆಗಲಿಲ್ಲಂದ್ರ ಆಪರೇಷನ್ನ ಮಾಡಬೇಕು."

ಸೂಜಿ ಮಾಡಿ ಕೈಗೆ ಜೋಮು ಹಿಡಿಸಿದರು. ಮಣಿಕಟ್ಟನ್ನು ಒಳಕ್ಕೆ ಬಾಗಿಸಿ, ತಪ್ಪಿದ ಎಲುಬಿನ ಬುಡವನ್ನು ಹಿಂದಿನಿಂದ ಒತ್ತುತ್ತಾ ಮೆಲ್ಲಗೆ ಮುಂದಕ್ಕೆ ಸರಿಸಿದರು. ಬೆರಳನ್ನು ಎಳೆಯಲೇ ಇಲ್ಲ. ಮತ್ತೆ ಎಕ್ಸ್‌ರೇ ಆಯಿತು.

"ಕುಂತೈತ್ರಿ," ಎಂದರು.

ನಾನೂ ಬೆಂಚಿನ ಮೇಲೆ ಕುಳಿತುಬಿಟ್ಟೆ.

ಹಿಂದಿರುಗುವ ಬಸ್ಸಿನಲ್ಲಿ ಸೊಸೆ ಪಟ್ಟಿ ಕಟ್ಟಿದ ಕೈಯನ್ನು ಸೆರಗಿನಲ್ಲಿಟ್ಟುಕೊಂಡು, "ಎಮ್ಮಿ ಹೆಸರ ಹೇಳಿದ್ದೆ, ನಡುವ ನೀವ್ಯಾಕ ಬಂದ್ರಿ ಮಾವಾರ?" ಎಂದು ನಕ್ಕಳು. ಅಂದಿನಿಂದ ನಾನು ಯಾರ ಬೆರಳನ್ನೂ ಮುಟ್ಟಿಲ್ಲ. ಬಂದವರನ್ನು ಬಸ್ಸಿಗೆ ಕಳಿಸುತ್ತೇನೆ.

ಪಟ್ಟಿ ಬಿಚ್ಚಿದ ದಿನ ಡಾಕ್ಟರು ಅವಳ ಹೆಬ್ಬೆರಳು, ತೋರುಬೆರಳುಗಳ ನಡುವೆ ಒಂದು ಕಾಗದ ಕೊಟ್ಟು, ಬಿಗಿಯಾಗಿ ಹಿಡಿ ಎಂದು ತಾವು ಎಳೆದರು. ಕಾಗದ ಹರಿಯಿತು. ಅವಳ ಹಿಡಿತ ಬಿಡಲಿಲ್ಲ.