ಫ್ಯಾನಿನ ಕೆಳಗಿನ ಎಲೆ

ಮದುವೆಗಳಿಗೆ ನಾನು ಹೋಗುವುದೇ ಊಟಕ್ಕೆ. ವಧೂವರರನ್ನು ಹರಸಲು ಬಂದೆ ಎನ್ನುವವರನ್ನು ನಾನು ನಂಬುವುದಿಲ್ಲ. ಅವರೂ ಅಕ್ಷತೆ ಹಾಕುವಾಗ ಒಂದು ಕಣ್ಣನ್ನು ಊಟದ ಹಾಲ್‌ನ ಬಾಗಿಲ ಮೇಲೇ ಇಟ್ಟಿರುತ್ತಾರೆ. ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲಂತೂ ಈ ವಿಷಯದಲ್ಲಿ ನಾನು ನಾಚಿಕೆ ಬಿಟ್ಟಿದ್ದೇನೆ. ಯಳಂದೂರಿನಿಂದ ಹನೂರಿನವರೆಗೆ ಯಾವ ಅಡುಗೆಯವರ ಸಾರು ಚೆನ್ನ, ಯಾರ ಪಾಯಸ ನೀರು ನೀರು ಎಂಬುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ದೇಶದ ಅರ್ಥವ್ಯವಸ್ಥೆಯ ಬಗ್ಗೆ ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಿದ್ದೆ. ಈಚೆಗೆ ಕೊಳ್ಳೇಗಾಲದ ಒಂದು ಛತ್ರದಲ್ಲಿ ಊಟಕ್ಕೆ ಕೂತಾಗ ಅದೂ ಅರ್ಥವಾಯಿತು.

ಪಂಕ್ತಿಯ ಊಟದಲ್ಲಿ ನನಗೆ ಬಲು ಇಷ್ಟವಾದದ್ದು ಕಾಯುವ ಹೊತ್ತು. ಎಲೆ ತುಂಬಿದೆ, ಹೊಟ್ಟೆ ಹಸಿದಿದೆ, ಆದರೆ ಕೊನೆಯ ಎಲೆಗೂ ಅನ್ನ ಬಿದ್ದು ಯಾರಾದರೂ ಹಿರಿಯರು ‘ಹರಹರ ಮಹಾದೇವ’ ಎನ್ನುವ ತನಕ ಕೈ ಹಾಕುವಂತಿಲ್ಲ. ಹೊಲದ ಒಡೆಯನೂ ಹೊಲದ ಆಳೂ ಆ ಗಳಿಗೆಯಲ್ಲಿ ಒಂದೇ ರೀತಿ ಜೊಲ್ಲು ನುಂಗುತ್ತಾರೆ. ಪಂಕ್ತಿಗೆ ಯಾರನ್ನು ಸೇರಿಸಬೇಕು, ಯಾರನ್ನು ದೂರ ಇಡಬೇಕು ಎಂಬುದರಲ್ಲಿ ನಮ್ಮ ಹಿಂದಿನವರು ಮಾಡಿದ ಪಾಪ ಸಣ್ಣದಲ್ಲ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಎಲೆಯ ಮುಂದೆ ಕೂತವರನ್ನು ಎಬ್ಬಿಸಲು ಅವರಿಗೂ ಕೈ ಬರುತ್ತಿರಲಿಲ್ಲ. ಶತ್ರುವಾದರೂ ಉಂಡೇ ಏಳಬೇಕಿತ್ತು.

ಅಂದು ಮದುವೆ ಧನಗೆರೆಯ ನನ್ನ ಚಿಕ್ಕಪ್ಪನ ಮಗ ಮಾದೇವಪ್ಪನ ಮಗಳದ್ದು. ನನ್ನ ಪಕ್ಕದಲ್ಲಿ ಮಧುವನಹಳ್ಳಿಯ ಸುಂದ್ರತ್ತೆ, ನಮ್ಮ ತಂದೆಯ ತಂಗಿ. ಸಕ್ಕರೆ ಕಾಯಿಲೆಯವಳು. ಊಟಕ್ಕೆ ಮುಂಚಿನ ಮಾತ್ರೆ ನುಂಗಿ, ಸೆಕೆಯೆಂದು ಫ್ಯಾನಿನ ಕೆಳಗಿನ ಎಲೆಯನ್ನೇ ಹುಡುಕಿ ಕೂತಿದ್ದಳು. ಅವಳ ಕಣ್ಣು ಲಾಡಿನ ಮೇಲೆ ಇತ್ತು. ‘ಒಂದು ಚೂರು ಮಾತ್ರ ಅತ್ತೆ’ ಎಂದೆ.

‘ಮದ್ವೆ ಮನೇಲಿ ಡಾಕ್ಟ್ರಾಗ್ಬೇಡ ಕಣ್ಲಾ, ಸುಮ್ನೆ ಕೂತ್ಕೊ’ ಎಂದಳು.

ಅಷ್ಟರಲ್ಲಿ ಬಿಳಿ ಬಟ್ಟೆಯ ಐದಾರು ಜನ ಒಳಗೆ ನುಗ್ಗಿದರು. ‘ಏಳಿ ಏಳಿ, ಅಣ್ಣ ಬತ್ತಾವ್ರೆ!’ ಅಣ್ಣ ಎಂದರೆ ಕರಿಕಲ್ಲಿನ ಕ್ವಾರಿಗಳ ಧಣಿ, ಮುಂದಿನ ಚುನಾವಣೆಗೆ ಈಗಲೇ ಎಲ್ಲ ಮದುವೆಗಳಿಗೂ ಹೋಗುತ್ತಿರುವವರು. ಬಂದ ಹುಡುಗರ ಕಣ್ಣಿನ ಚುರುಕನ್ನು ಮೆಚ್ಚಲೇಬೇಕು. ರೇಷ್ಮೆ, ಚಿನ್ನ ಕೂತಿದ್ದ ಸಾಲುಗಳನ್ನು ಬಿಟ್ಟು ನೇರವಾಗಿ ನಮ್ಮ ಸಾಲಿಗೇ ಬಂದರು. ನನ್ನ ಅಂಗಿಗೆ ಅಂದು ಇಸ್ತ್ರಿ ಇರಲಿಲ್ಲ. ನಿಜ ಹೇಳುತ್ತೇನೆ, ನನಗೆ ಮೊದಲು ಸಿಟ್ಟು ಬಂದದ್ದು ನನ್ನನ್ನೂ ಬಡವರ ಲೆಕ್ಕಕ್ಕೆ ಸೇರಿಸಿದರಲ್ಲ ಎಂದು. ನ್ಯಾಯದ ಸಿಟ್ಟು ಆಮೇಲೆ ಬಂತು.

ಏಳುವುದಿಲ್ಲ ಎಂದು ಕೂತೆ. ಮಾದೇವಪ್ಪ ಓಡಿ ಬಂದ. ಮಗಳ ಮದುವೆಯ ದಿನ ಮನುಷ್ಯನ ಮುಖ ಅಷ್ಟು ಸಣ್ಣದಾಗಬಾರದು. ‘ಅಣ್ಣಾ, ನಿಮ್ ದಮ್ಮಯ್ಯ, ಎದ್ಬುಡಿ. ಊರ್ ಟ್ರಾನ್ಸ್‌ಫಾರ್ಮರ್ ಸುಟ್ಟೋಗಿ ಪಂಪ್‌ಸೆಟ್ಟೆಲ್ಲ ನಿಂತವೆ. ಅವ್ರೊಂದು ಫೋನ್ ಮಾಡುದ್ರೆ ಬತ್ತದೆ’ ಎಂದ. ಕರೆಂಟು ಸರ್ಕಾರದ್ದು, ಟ್ರಾನ್ಸ್‌ಫಾರ್ಮರ್ ಸರ್ಕಾರದ್ದು. ಅದನ್ನು ಹಾಕಿಸಲು ಹೆಣ್ಣಿನ ತಂದೆ ತನ್ನ ನೆಂಟರನ್ನು ಎಲೆಯಿಂದ ಎಬ್ಬಿಸಬೇಕು! ಈ ವಿದ್ಯೆಯನ್ನು ನಾನು ಯಾವ ಮಕ್ಕಳಿಗೂ ಪಾಠ ಮಾಡಿರಲಿಲ್ಲ. ಎದ್ದೆವು.

ಧಣಿ ಬಂದರು. ಬಹಳ ವಿನಯವಂತರು. ‘ಅಯ್ಯೋ ಪಾಪ, ಅವ್ರನ್ಯಾಕೆ ಎಬ್ಬುಸುದ್ರಿ!’ ಎಂದು ನೊಂದುಕೊಂಡು ಫ್ಯಾನಿನ ಕೆಳಗಿನ ಎಲೆಗೆ ಕೂತರು. ದುಡ್ಡು ಬೆಳೆದವರಿಗೆ ಇದೊಂದು ಅನುಕೂಲ: ಒರಟುತನಕ್ಕೆ ಸಂಬಳದ ಜನ ಇರುತ್ತಾರೆ, ವಿನಯವನ್ನು ಮಾತ್ರ ತಮ್ಮ ಕೈಯಲ್ಲಿ ಇಟ್ಟುಕೊಂಡಿರುತ್ತಾರೆ. ನಮ್ಮ ಕಡೆಯ ಗುಡ್ಡಗಳನ್ನು ಕೊಯ್ದು ಅವರು ಹೊರದೇಶಕ್ಕೆ ಕಳಿಸುತ್ತಾರೆ. ಧೂಳು ನಮಗೆ, ಲಾರಿ ಓಡಿ ಹಳ್ಳ ಬಿದ್ದ ರಸ್ತೆ ನಮಗೆ. ಮಿಕ್ಕ ಚೂರಿನಲ್ಲಿ ಬೆಂಚು ಮಾಡಿಸಿ ಬಸ್ ಸ್ಟ್ಯಾಂಡಿನಲ್ಲಿ ಹಾಕಿಸಿ, ‘ದಾನಿಗಳು’ ಎಂದು ಹೆಸರು ಕೆತ್ತಿಸುತ್ತಾರೆ. ಆ ಬೆಂಚಿನ ಮೇಲೆ ಕೂತೇ ನಾವು ಕೆಮ್ಮುತ್ತೇವೆ.

ಎಲೆಯ ಮುಂದೆ ಕೂತ ಧಣಿ ಏನನ್ನೂ ಮುಟ್ಟಲಿಲ್ಲ. ‘ನಂಗೂ ಶುಗರ್ರು ಕಣ್ರಿ, ಒಂದು ಫೋಟೊ ತೆಕ್ಕೊಳಿ, ಸಾಕು’ ಎಂದರು. ಬಡಿಸುವವರೆಲ್ಲ ಬಕೆಟ್ಟು ಹಿಡಿದು ಅವರ ಸುತ್ತಲೇ ನಿಂತಿದ್ದರು. ಇತ್ತ ಕೈ ತೊಳೆಯುವ ನಲ್ಲಿಯ ಹತ್ತಿರ ಸುಂದ್ರತ್ತೆ ಗೋಡೆ ಹಿಡಿದು ನಿಂತಿದ್ದಳು. ಹಣೆಯಲ್ಲಿ ಬೆವರು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಮಾತ್ರೆ ಒಳಗೆ ಹೋಗಿದೆ, ಅನ್ನ ಹೋಗಿಲ್ಲ. ರಕ್ತದ ಸಕ್ಕರೆ ತೀರ ಇಳಿದಿದೆ, ಕೂಡಲೇ ಸಿಹಿ ಬೀಳಬೇಕು. ಅವಳನ್ನು ಅಲ್ಲೇ ಕೂರಿಸಿ ಒಳಗೆ ಓಡಿದೆ, ಬಿಳಿ ಬಟ್ಟೆಯವರ ನಡುವೆ ನುಗ್ಗಿದೆ, ಧಣಿಯ ಎಲೆಯ ಮೇಲಿದ್ದ ಲಾಡನ್ನು ಕೈ ಹಾಕಿ ಕಿತ್ತುಕೊಂಡೆ. ಅವರು ಒಂದು ಗಳಿಗೆ ಬೆಚ್ಚಿ, ತಕ್ಷಣ ನಕ್ಕು, ‘ತಕಳಿ ಯಜಮಾನ್ರೆ, ತಕಳಿ’ ಎಂದು ಕೈ ಚಾಚಿದರು. ಕ್ಯಾಮೆರಾ ಮಿಂಚಿತು.

ಲಾಡು ತಿಂದು ನೀರು ಕುಡಿದ ಮೇಲೆ ಅತ್ತೆ ಚೇತರಿಸಿಕೊಂಡಳು. ಧಣಿ ಹನೂರಿನ ಇನ್ನೊಂದು ಮದುವೆಗೆ ಹೊರಟರು, ಹಿಂದೆಯೇ ಅವರ ಪರಿವಾರ. ಒಂದಿಡೀ ಸಾಲಿನ ಎಲೆಗಳನ್ನು ಯಾರೂ ಉಣ್ಣದೆ ಎತ್ತಿ ಹೊರಗೆ ಎಸೆದರು. ಅನ್ನ ಬೇಯಿಸಿದವರ ಮುಖ ನೋಡಲಾಗಲಿಲ್ಲ.

ಮಾರನೆಯ ಬೆಳಿಗ್ಗೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಆ ಫೋಟೊ ಬಂತು. ‘ಹಸಿದ ವೃದ್ಧರಿಗೆ ತಮ್ಮ ಎಲೆಯ ಸಿಹಿಯನ್ನೇ ನೀಡಿದ ಬಡವರ ಬಂಧು.’ ಹಸಿದ ವೃದ್ಧ ನಾನೇ. ಕೆಳಗೆ ಕೈಮುಗಿದ ಚಿತ್ರಗಳ ಸಾಲು, ಅದರಲ್ಲಿ ನನ್ನ ಹಳೆಯ ಶಿಷ್ಯರದ್ದೂ ಕೆಲವು. ಮೈಯೆಲ್ಲ ಉರಿಯಿತು. ನಡೆದದ್ದನ್ನು ನಡೆದಂತೆ ಉದ್ದಕ್ಕೆ ಬರೆದು ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ನನ್ನನ್ನು ಗುಂಪಿನಿಂದ ತೆಗೆದಿದ್ದರು. ಒಂದೇ ವಾರದಲ್ಲಿ ಎರಡು ಪಂಕ್ತಿಗಳಿಂದ ಎಬ್ಬಿಸಿಕೊಂಡವನು ನಮ್ಮ ವಂಶದಲ್ಲಿ ನಾನೊಬ್ಬನೇ ಇರಬೇಕು. ಧನಗೆರೆಗೆ ಟ್ರಾನ್ಸ್‌ಫಾರ್ಮರ್ ಇನ್ನೂ ಬಂದಿಲ್ಲ. ಮಾದೇವಪ್ಪ ಈಗಲೂ ಆ ಫೋನಿಗಾಗಿ ಕಾಯುತ್ತಿದ್ದಾನೆ.

ಮಧುವನಹಳ್ಳಿಗೆ ಹೋದಾಗ ಅತ್ತೆಗೆ ಆ ಫೋಟೊ ತೋರಿಸಿದೆ. ಧಣಿಯ ಮುಖವನ್ನಾಗಲೀ ನನ್ನ ಮುಖವನ್ನಾಗಲೀ ಅವಳು ನೋಡಲಿಲ್ಲ. ಫೋನನ್ನು ಕಣ್ಣಿನ ಹತ್ತಿರ ಹಿಡಿದು ಮೇಜಿನ ಮೇಲಿದ್ದ ಎಲೆಯನ್ನೇ ಬಹಳ ಹೊತ್ತು ನೋಡಿದಳು.

‘ಲೇ, ಇದು ನಾ ಕೂತಿದ್ ಎಲೆ ಅಲ್ವೇನ್ಲಾ?’

‘ಹೌದತ್ತೆ.’

‘ಅಂಗಾರೆ ಅದು ನನ್ ಲಾಡು ಕಣ್ಲಾ. ನನ್ ಲಾಡ್ನ ನಂಗೇ ಕೊಟ್ಟು ದೊಡ್ ದಾನಿ ಆಗ್ಬುಟ್ನಲ್ಲಾ ಇವ್ನು!’